ಸೋಮವಾರದ ಹೊಲದಲ್ಲಿ ದೇವರ ಗುರುತು

ಪ್ರಶ್ನೆ: ನಾನು ಅಜ್ಜಂಪುರದ ಹತ್ತಿರದ ಹಳ್ಳಿಯವನು. ಈರುಳ್ಳಿ, ರಾಗಿ ಬೆಳೆಯುತ್ತೇನೆ. ಭಾನುವಾರದ ಬಲಿಪೂಜೆ ತಪ್ಪಿಸುವುದಿಲ್ಲ. ರಾತ್ರಿ ಮನೆಯಲ್ಲಿ ಎಲ್ಲರೂ ಕೂತು ಜಪಸರ ಮಾಡುತ್ತೇವೆ. ಚರ್ಚಿನಲ್ಲಿದ್ದಾಗ ದೇವರು ಹತ್ತಿರ ಇದ್ದಾರೆ ಅನ್ನಿಸುತ್ತದೆ. ಸೋಮವಾರ ಹೊಲಕ್ಕೆ ಇಳಿದ ಮೇಲೆ ಏನೂ ಅನ್ನಿಸುವುದಿಲ್ಲ. ಈ ಸಲ ಈರುಳ್ಳಿ ಕಿತ್ತು ಕಣದಲ್ಲಿ ಹರಡಿದ್ದಾಗ ರಾತ್ರೋರಾತ್ರಿ ಮಳೆ ಬಂತು. ಪಕ್ಕದ ಹೊಲದವರು, ನಮ್ಮ ಧರ್ಮದವರಲ್ಲ, ಟಾರ್ಪಾಲು ತಂದು ಹೊದಿಸಿದ್ದರಿಂದ ಅರ್ಧ ಬೆಳೆ ಉಳಿಯಿತು. ಉಳಿದದ್ದಕ್ಕೂ ಬೆಲೆ ಸಿಗಲಿಲ್ಲ. ಅಷ್ಟು ಪ್ರಾರ್ಥನೆ ಮಾಡಿದರೂ ದೇವರ ಸುಳಿವೇ ಕಾಣಲಿಲ್ಲ. ದಿನದಿನದ ಬದುಕಿನಲ್ಲಿ ದೇವರ ಇರವನ್ನು ಗುರುತಿಸುವುದು ಹೇಗೆ? ಇದು ನನ್ನ ವಿಶ್ವಾಸದ ಕೊರತೆಯೇ?
– ಓದುಗರೊಬ್ಬರು, ಅಜ್ಜಂಪುರ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮನ್ನು ಒಳಗೆ ಕೊರೆಯುತ್ತಿರುವುದು ಅದೇ ಇರಬೇಕು. ಇದು ವಿಶ್ವಾಸದ ಕೊರತೆಯಲ್ಲ. ಸಂಜೆ ಬರಬೇಕಾದವರು ಬಾರದಿದ್ದರೆ ಮತ್ತೆ ಮತ್ತೆ ಬಾಗಿಲಿಗೆ ಬಂದು ದಾರಿ ನೋಡುವವರು ಮನೆಯವರೇ. ದಾರಿಹೋಕರಿಗೆ ಆ ಚಿಂತೆ ಇರುವುದಿಲ್ಲ. ದೇವರು ಎಲ್ಲಿದ್ದಾರೆ ಎಂದು ಕೇಳುವ ಮೊರೆಗಳು ಕೀರ್ತನೆಗಳ ಗ್ರಂಥದ ತುಂಬ ಇವೆ. ಯೋಬನು ಅದನ್ನೇ ಬೂದಿಯಲ್ಲಿ ಕೂತು ಕೇಳಿದ. ಬೈಬಲ್ ಆ ಮೊರೆಗಳನ್ನು ಅಳಿಸಿಹಾಕಲಿಲ್ಲ, ಪ್ರಾರ್ಥನೆಯೆಂದೇ ಉಳಿಸಿಕೊಂಡಿತು. ನಿಮ್ಮ ಪ್ರಶ್ನೆಯನ್ನೂ ಹಾಗೆಯೇ ಪ್ರಾರ್ಥನೆ ಎಂದು ತಿಳಿಯಿರಿ.

ಇದು ನಿಮ್ಮೊಬ್ಬರ ಪ್ರಶ್ನೆಯೂ ಅಲ್ಲ. 1963ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆದಾಗಿನಿಂದ ಕಡೂರು, ತರೀಕೆರೆ, ಅಜ್ಜಂಪುರದ ಕಥೋಲಿಕ ಮನೆಗಳು ಅದಕ್ಕೆ ಸೇರಿವೆ. ಕರಾವಳಿಯಲ್ಲಿರುವಂತೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಚರ್ಚು, ಗಂಟೆ, ಕ್ರೈಸ್ತ ನೆರೆಹೊರೆ ಇಲ್ಲಿನ ಬಯಲಿನಲ್ಲಿ ಇಲ್ಲ. ಒಂದು ಹಳ್ಳಿಯಲ್ಲಿ ಎರಡು ಮನೆ, ಇನ್ನೊಂದರಲ್ಲಿ ನಾಲ್ಕು. ತೆಂಗಿನ ತೋಟ, ರೈಲ್ವೆ, ಶಾಲೆ, ಆಸ್ಪತ್ರೆ, ಅಂಗಡಿ ಎಂದು ವಾರವೆಲ್ಲ ಚದುರಿದ ಜನ ಭಾನುವಾರ ಒಂದೆಡೆ ಕೂಡುತ್ತಾರೆ. ಕಥೋಲಿಕರಿಗೆ ಅದು ಬಲಿಪೂಜೆ, ಸಿ.ಎಸ್.ಐ. ಮತ್ತಿತರ ಸಭೆಗಳವರಿಗೆ ಆರಾಧನೆ. ವಾರಕ್ಕೆ 168 ಗಂಟೆ. ಚರ್ಚಿನಲ್ಲಿ ಕಳೆಯುವುದು ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು. ಉಳಿದ 166 ಗಂಟೆಗಳಲ್ಲಿ ದೇವರ ಸುಳಿವು ಸಿಗದಿದ್ದರೆ ನಮ್ಮ ಬದುಕಿನ ಬಹುಪಾಲು ದೇವರಿಲ್ಲದೆ ಹೋದಂತೆ. ಆದ್ದರಿಂದಲೇ ನಿಮ್ಮ ಪ್ರಶ್ನೆಗೆ ಎರಡು ಸಾಲಿನ ಸಮಾಧಾನ ಹೇಳಿ ಮುಗಿಸಲು ಮನಸ್ಸು ಬರುತ್ತಿಲ್ಲ.

ನೀವು ‘ಗುರುತಿಸುವುದು’ ಎಂಬ ಮಾತು ಬಳಸಿದ್ದೀರಿ. ಅದನ್ನೇ ಹಿಡಿದು ಹೊರಡೋಣ. ಗುರುತು ಹಿಡಿಯಬೇಕಾದರೆ ಪರಿಚಯ ಮೊದಲು ಇರಬೇಕು. ಬೀರೂರು ಜಂಕ್ಷನ್ನಿನಲ್ಲಿ ರೈಲು ನಿಂತು ಜನ ದಬದಬನೆ ಇಳಿಯುವಾಗ, ಮುಖ ಕಾಣುವ ಮೊದಲೇ, ಬೆನ್ನು ನೋಡಿ, ಚೀಲ ಹಿಡಿದ ರೀತಿ ನೋಡಿ, ‘ಅಕೋ, ನಮ್ಮ ಅಣ್ಣ’ ಎನ್ನುತ್ತೇವೆ. ಪಕ್ಕದಲ್ಲಿ ನಿಂತವರಿಗೆ ಅದೇ ಮನುಷ್ಯ ಗುಂಪಿನಲ್ಲಿ ಒಬ್ಬ, ಅಷ್ಟೆ. ಅವರ ಕಣ್ಣಿಗೂ ಬಿದ್ದದ್ದು ಅದೇ ಬೆನ್ನು, ಅದೇ ನಡಿಗೆ. ಅವರಿಗಿಲ್ಲದ್ದು ಪರಿಚಯ. ನಿಮ್ಮ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತಂಗಿಸುತ್ತಾರಲ್ಲ, ಆ ಮಂದೆಗಳನ್ನು ಗಮನಿಸಿ. ಎರಡು ಮಂದೆ ಒಂದೇ ಹೊತ್ತಿಗೆ ಕೆರೆಗೆ ಇಳಿದು ಕಲಸಿಹೋದರೆ ಕುರುಬರು ಒಂದೊಂದನ್ನೇ ಹಿಡಿದು ಬೇರೆ ಮಾಡುತ್ತ ಕೂರುವುದಿಲ್ಲ. ಇಬ್ಬರೂ ಎರಡು ದಿಕ್ಕಿಗೆ ನಡೆಯುತ್ತ ತಮ್ಮ ತಮ್ಮ ಕೂಗು ಹಾಕುತ್ತಾರೆ. ಕುರಿಗಳು ತಾವೇ ಬೇರೆಯಾಗಿ ತಮ್ಮವನ ಹಿಂದೆ ಹೋಗುತ್ತವೆ. ಯೊವಾನ್ನನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮನ್ನು ಕುರಿಗಾಹಿಗೆ ಹೋಲಿಸಿಕೊಂಡು ಈ ದನಿಯ ಪರಿಚಯದ ಮಾತನ್ನೇ ಆಡಿದರು. ಮರಿಯಾಗಿದ್ದಾಗಿನಿಂದ ದಿನವೂ ಕೇಳಿದ ದನಿ ಅದು. ಅದಕ್ಕೇ ಗದ್ದಲದಲ್ಲೂ ಕುರಿಯ ಕಿವಿಗೆ ಬೀಳುತ್ತದೆ.

ಪುನರುತ್ಥಾನದ ನಂತರದ ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ಓದಿ ನೋಡಿ. ಮೂರರಲ್ಲೂ ಯೇಸುಸ್ವಾಮಿ ಕಣ್ಣೆದುರೇ ಇದ್ದಾರೆ, ಅವರನ್ನು ಬಲ್ಲವರಿಗೇ ಗುರುತು ಸಿಗುವುದಿಲ್ಲ. ಮಗ್ದಲದ ಮರಿಯಳು ಸಮಾಧಿಯ ಬಳಿ ಅಳುತ್ತ, ಎದುರಿಗೆ ನಿಂತವರನ್ನು ತೋಟದ ಮಾಲಿ ಎಂದುಕೊಂಡಳು. ಅವರು ಅವಳ ಹೆಸರು ಹಿಡಿದು ಕರೆದರು. ಆ ಒಂದು ಕರೆಯಲ್ಲಿ ಗುರುತು ಸಿಕ್ಕಿತು. ಎಮ್ಮಾವುಸ್ ಎಂಬ ಊರಿಗೆ ಹೊರಟ ಇಬ್ಬರು ಶಿಷ್ಯರು ಅವರ ಜೊತೆಯಲ್ಲೇ ನಡೆದರು. ಜೆರುಸಲೇಮಿನಿಂದ ಆ ಊರಿಗೆ ಸುಮಾರು 11 ಕಿಲೋಮೀಟರ್, ಕಡೂರಿನಿಂದ ಬೀರೂರಿಗಿಂತ ಹೆಚ್ಚು ದೂರ. ಅಷ್ಟು ದಾರಿ ಮಾತನಾಡುತ್ತ ನಡೆದರೂ ಯಾರೆಂದು ತಿಳಿಯಲಿಲ್ಲ. ರಾತ್ರಿ ಊಟಕ್ಕೆ ಕೂತು ರೊಟ್ಟಿ ಮುರಿದು ಕೊಟ್ಟಾಗ ತಿಳಿಯಿತು. ತಿಬೇರಿಯ ಸರೋವರದಲ್ಲಿ ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಾದ ಬೆಸ್ತರಿಗೆ ದಡದಲ್ಲಿ ನಿಂತವರು ಯಾರೋ ಅಪರಿಚಿತರು. ಅವರ ಮಾತಿನಂತೆ ಮತ್ತೆ ಬಲೆ ಹಾಕಿದಾಗ 153 ಮೀನು ಸಿಕ್ಕವು. ದಡಕ್ಕೆ ಬಂದರೆ ಕೆಂಡದ ಮೇಲೆ ಅವರಿಗಾಗಿ ಮೀನು ಬೇಯುತ್ತಿತ್ತು, ರೊಟ್ಟಿ ಇತ್ತು.

ಹೆಸರು ಹಿಡಿದು ಕರೆಯುವುದು, ರೊಟ್ಟಿ ಹಂಚುವುದು, ದಣಿದು ಬಂದವರಿಗೆ ಬೆಳಗಿನ ಊಟ ಸಿದ್ಧಮಾಡುವುದು. ಮೂರೂ ಅವರ ಹಳೆಯ ರೂಢಿಗಳು. ಗುರುತು ಸಿಕ್ಕವರೆಲ್ಲ ಅವರ ಜೊತೆ ಓಡಾಡಿ, ಉಂಡು, ಈ ರೂಢಿಗಳನ್ನು ಕಂಡವರು. ಆ ಮುಂಜಾನೆ ಆಕಾಶ ಬಿರಿಯಲಿಲ್ಲ. ಅವರಿಗೆ ಸಿಕ್ಕಿದ್ದು ಪರಿಚಿತವಾದ ಒಂದು ನಡತೆ. ದೇವರ ಇರವನ್ನು ನಾವೂ ಹೀಗೆಯೇ, ನಡಿಗೆಯಿಂದ, ಕೈಯ ರೀತಿಯಿಂದ ಹಿಡಿಯಬೇಕು. ನಾನು ಇಷ್ಟು ದೀರ್ಘವಾಗಿ ಬರೆಯುತ್ತಿರುವುದು ಈ ಒಂದು ಮಾತಿಗಾಗಿ. ಚರ್ಚಿನಲ್ಲಿ ಕೂತಾಗ ಎದೆಯಲ್ಲಿ ಏಳುವ ಭಾವ ಒಳ್ಳೆಯದೇ, ಅದನ್ನು ಕೃತಜ್ಞತೆಯಿಂದ ಇಟ್ಟುಕೊಳ್ಳಿ. ಆದರೆ ಅದು ಬಂದು ಹೋಗುವಂಥದ್ದು. ಭಾವ ಬಾರದ ದಿನವೂ ಗುರುತು ಹಿಡಿಯಲು ಸಾಧ್ಯ.

ಹಾಗಾದರೆ ಪರಿಚಯ ಬೆಳೆಸುವುದು ಹೇಗೆ? ಹೊಲಕ್ಕೆ ಹೊರಡುವ ಮೊದಲು ಶುಭಸಂದೇಶದ ಒಂದೇ ಒಂದು ಪ್ರಸಂಗ ಓದಿ. ಅಧ್ಯಾಯ ಮುಗಿಸುವ ಅವಸರ ಬೇಡ. ಓದಿದ ಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿ ಯೇಸುಸ್ವಾಮಿಯ ಕೈ ಏನು ಮಾಡಿತು, ಕಣ್ಣು ಯಾರ ಮೇಲೆ ಬಿತ್ತು? ಯಾರೂ ಮುಟ್ಟದ ಕುಷ್ಠರೋಗಿಯನ್ನು ಆ ಕೈ ಮುಟ್ಟಿತು. ಗುಂಪಿನಲ್ಲಿ ಎಲ್ಲರೂ ಗದರಿಸಿ ಸುಮ್ಮನಿರಿಸುತ್ತಿದ್ದ ಕುರುಡ ಬಾರ್ತಿಮಾಯನ ಕೂಗಿಗೆ ಅವರು ನಿಂತರು. ಯಾಯೀರನ ಮಗಳು ಎದ್ದು ಓಡಾಡಿದಾಗ ಮನೆಯವರೆಲ್ಲ ಬೆರಗಾಗಿ ನಿಂತಿದ್ದರು. ಮಗುವಿಗೆ ತಿನ್ನಲು ಏನಾದರೂ ಕೊಡಿ ಎಂದು ನೆನಪಿಸಿದವರು ಯೇಸುಸ್ವಾಮಿ. ಹೀಗೆ ಆರು ತಿಂಗಳು ನೋಡುತ್ತ ಹೋದರೆ ಆ ಕೈಯ ರೀತಿ ನಿಮ್ಮ ಕಣ್ಣಿಗೆ ಕೂರುತ್ತದೆ. ಆಮೇಲೆ ಅದೇ ರೀತಿ ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕಾಣಿಸಿದಾಗ ನೀವು ತಲೆ ಎತ್ತಿ ನೋಡುತ್ತೀರಿ.

ಎಮ್ಮಾವುಸ್ ಪ್ರಸಂಗದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಗುರುತು ಸಿಕ್ಕ ಕ್ಷಣದಲ್ಲೇ ಯೇಸುಸ್ವಾಮಿ ಕಣ್ಮರೆಯಾದರು. ಆಮೇಲೆ ಆ ಇಬ್ಬರು ದಾರಿಯನ್ನು ನೆನಪಿಸಿಕೊಂಡರು. ಅವರು ಮಾತನಾಡುವಾಗ ತಮ್ಮ ಎದೆ ಬೆಚ್ಚಗಾಗಿದ್ದು ಆಗ ಹೊಳೆಯಿತು. ಹಳೆಯ ಒಡಂಬಡಿಕೆಯ ಯಕೋಬನಿಗೂ ಹಾಗೇ. ಮನೆ ಬಿಟ್ಟು ಓಡುತ್ತ, ಕಲ್ಲನ್ನು ತಲೆದಿಂಬು ಮಾಡಿ ಬಯಲಿನಲ್ಲಿ ಮಲಗಿದ. ಅದು ದೇವರಿದ್ದ ಜಾಗ ಎಂದು ತಿಳಿದದ್ದು ಎಚ್ಚರವಾದ ಮೇಲೆ. ದೇವರ ಗುರುತು ಹೆಚ್ಚಾಗಿ ಹಿಂತಿರುಗಿ ನೋಡಿದಾಗ ಸಿಗುವಂಥದ್ದು.

ಇದನ್ನು ದಿನದ ಅಭ್ಯಾಸವಾಗಿ ರೂಪಿಸಿದವರು ಸ್ಪೇನಿನ ಸಂತ ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಪಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ವೀರರ ಸಾಹಸದ ಕನಸುಗಳನ್ನೂ ಕಂಡರು, ಸಂತರ ಚರಿತ್ರೆಗಳನ್ನೂ ಓದಿದರು. ಎರಡೂ ಆ ಹೊತ್ತಿಗೆ ಹಿತವಾಗಿಯೇ ಇದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಈ ವ್ಯತ್ಯಾಸ ಅವರಿಗೆ ತಿಳಿದದ್ದು ಹಿಂತಿರುಗಿ ನೋಡಿದ್ದರಿಂದ. ಮುಂದೆ ಅವರು ಕಲಿಸಿದ ಆತ್ಮಶೋಧನೆಯಲ್ಲಿ ಐದು ಹೆಜ್ಜೆಗಳಿವೆ: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗಾಗಿ ಒಂದು ಸಂಕಲ್ಪ.

ನಿಮಗೆ ಇದು ಹೊಸ ಕೆಲಸವೇನಲ್ಲ. ಈರುಳ್ಳಿ ಆರಿಸುವುದನ್ನು ನೆನಪಿಸಿಕೊಳ್ಳಿ. ರಾಶಿಯ ಮುಂದೆ ಕೂತು ಒಂದೊಂದು ಗೆಡ್ಡೆಯನ್ನೂ ಕೈಗೆತ್ತಿಕೊಳ್ಳುತ್ತೀರಿ. ಮೇಲಿನ ಸಿಪ್ಪೆ ಹೊಳೆಯುತ್ತಿರುತ್ತದೆ, ಅದನ್ನು ನಂಬುವುದಿಲ್ಲ. ಹೆಬ್ಬೆರಳಿನಿಂದ ಕತ್ತಿನ ಹತ್ತಿರ ಒತ್ತಿ ನೋಡುತ್ತೀರಿ. ಮೆತ್ತಗಾದರೆ ಒಳಗೆ ಕೊಳೆತಿದೆ, ಪಕ್ಕಕ್ಕೆ ಹೋಗುತ್ತದೆ. ಗಟ್ಟಿಯಾದದ್ದು ದಪ್ಪ, ಮಧ್ಯಮ, ಸಣ್ಣ ಎಂದು ಮೂರು ಗುಡ್ಡೆಗೆ. ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ದಿನವನ್ನೂ ಹಾಗೇ ಕೈಗೆತ್ತಿಕೊಳ್ಳಿ. ಬೆಳಿಗ್ಗೆ ಕೂಲಿಯವರ ಮೇಲೆ ರೇಗಿದ್ದು, ಮಧ್ಯಾಹ್ನ ಹೆಂಡತಿ ಬುತ್ತಿ ತಂದು ತಾನು ಉಣ್ಣದೆ ಕಾದದ್ದು, ಮಂಡಿಯಲ್ಲಿ ತೂಕದವನೊಂದಿಗೆ ಆಡಿದ ಮಾತು. ಒಂದೊಂದನ್ನೂ ಒತ್ತಿ ನೋಡಿ. ಎಲ್ಲಿ ಯೇಸುಸ್ವಾಮಿಯ ಕೈಯ ರೀತಿ ಇತ್ತು, ಎಲ್ಲಿ ಇರಲಿಲ್ಲ, ಎಲ್ಲಿ ಇದ್ದೂ ನಾನು ಮುಖ ತಿರುಗಿಸಿದೆ? ಮೊದಲ ವಾರ ಏನೂ ಸಿಗದಿರಬಹುದು. ಆರಿಸುವ ಕೈ ಪಳಗಲು ಎಷ್ಟು ದಿನ ಹಿಡಿಯುತ್ತದೆಂದು ನಿಮಗೆ ಗೊತ್ತಿದೆ.

ಹಗಲಿಗೂ ಒಂದು ಅಭ್ಯಾಸ ಹೇಳುತ್ತೇನೆ. ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ 17ನೆಯ ಶತಮಾನದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಸೈನಿಕರಾಗಿದ್ದಾಗ ಗಾಯಗೊಂಡು ಕುಂಟಾಗಿದ್ದವರು. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆಯ ಕೆಲಸ, ಮುಂದೆ ಚಪ್ಪಲಿ ಹೊಲಿಯುವ ಕೆಲಸ. ಅಡುಗೆಮನೆ ಅವರಿಗೆ ಸ್ವಭಾವತಃ ಒಗ್ಗದ ಜಾಗ. ಅಲ್ಲಿಯೇ, ಪಾತ್ರೆಗಳ ಸದ್ದಿನ ನಡುವೆ, ದೇವರೊಂದಿಗೆ ಆಗಾಗ ಒಂದೊಂದು ಮಾತಾಡುವುದನ್ನು ರೂಢಿ ಮಾಡಿಕೊಂಡರು. ಮನಸ್ಸು ಬೇರೆ ಕಡೆ ಹೋಯಿತೆಂದು ತಿಳಿದಾಗ ಬೈದುಕೊಳ್ಳದೆ ಮೆಲ್ಲಗೆ ಮರಳುವುದು ಅವರ ಕ್ರಮ. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ರಗಳೂ ಮಾತುಗಳೂ ಅಚ್ಚಾಗಿ, ಕಥೋಲಿಕರೂ ಪ್ರೊಟೆಸ್ಟಂಟರೂ ಇಂದಿಗೂ ಓದುತ್ತಾರೆ. ನೀವು ಹೊಲದಲ್ಲಿ ಒಂದು ಸಾಲು ಕಳೆ ಮುಗಿಸಿ ತಿರುಗುವಾಗ ಒಂದು ಮಾತು ಹೇಳಿ. ‘ಸ್ವಾಮಿ, ಬೆನ್ನು ನೋಯುತ್ತಿದೆ’ ಎಂದರೂ ಸಾಕು. ಚರ್ಚಿನ ಗಂಟೆ ಕೇಳದ ಹಳ್ಳಿಯಲ್ಲೂ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು ತ್ರಿಕಾಲ ಪ್ರಾರ್ಥನೆಯ ಗಂಟೆಯಾಗಬಲ್ಲದು.

ಇಷ್ಟು ಮಾಡಿದರೂ ಏನೂ ಅನ್ನಿಸದ ಕಾಲ ಬರುತ್ತದೆ. ಆಗ ನಿಮ್ಮ ಸೀಮೆಯ ಕೆರೆಗಳನ್ನು ನೆನೆಯಿರಿ. ಕಡೂರು ತಾಲ್ಲೂಕು ಮಳೆ ನೆರಳಿನ ನಾಡು. ಮೋಡ ಬಾಬಾಬುಡನ್‌ಗಿರಿಯ ಆಚೆಗೇ ಸುರಿದು ಬರಿದಾಗಿ ಬರುತ್ತದೆ. ಆದರೂ ಸಖರಾಯಪಟ್ಟಣದ ಅಯ್ಯನಕೆರೆ ಇದೆ, ಮದಗದಕೆರೆ ಇದೆ. ವೇದಾ ಹಳ್ಳ ಒಂದಕ್ಕೆ, ಆವತಿ ಹಳ್ಳ ಇನ್ನೊಂದಕ್ಕೆ, ಗಿರಿಯ ಮೇಲೆ ಬಿದ್ದ ಮಳೆಯನ್ನು ಹೊತ್ತು ತರುತ್ತವೆ. ಕೆಳಗೆ ಎರಡೂ ಕೂಡಿ ವೇದಾವತಿಯಾಗುತ್ತವೆ. ಕೆರೆಯ ಏರಿಯ ಮೇಲೆ ನಿಂತವನ ತಲೆಗೆ ಹನಿ ಬಿದ್ದಿರುವುದಿಲ್ಲ, ಕಾಲ ಕೆಳಗೆ ನೀರು ಏರುತ್ತಿರುತ್ತದೆ. ಮದಗದಕೆರೆಗೆ ಬಂದ ಮಳೆಯ ಜನಪದ ಹಾಡು ನಾಡಿಗೆಲ್ಲ ಬಾಯಿಪಾಠ. ಬೇರೆಲ್ಲೋ ಬಿದ್ದ ಮಳೆ ತಮ್ಮ ಕೆರೆ ತುಂಬಿಸುವುದನ್ನು ಕಂಡ ಜನರ ಬೆರಗು ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಒಣ ದಿನಗಳನ್ನೂ ನಾವು ಕಾಣದ ಮಳೆ ನಡೆಸಿಕೊಂಡು ಹೋಗುತ್ತಿರುತ್ತದೆ. ತಾಯಿಯ ಪ್ರಾರ್ಥನೆ ಇರಬಹುದು, ಎಂದೋ ಕಲಿತ ಒಂದು ಮಾತು ಇರಬಹುದು, ಇನ್ಯಾರದೋ ತ್ಯಾಗ ಇರಬಹುದು.

ಪ್ರವಾದಿ ಎಲೀಯನಿಗೆ ಹೋರೇಬ್ ಬೆಟ್ಟದಲ್ಲಿ ಬಿರುಗಾಳಿಯಲ್ಲೂ ಭೂಕಂಪದಲ್ಲೂ ಬೆಂಕಿಯಲ್ಲೂ ದೇವರು ಸಿಗಲಿಲ್ಲ, ಆಮೇಲಿನ ಮೆಲುದನಿಯಲ್ಲಿ ಸಿಕ್ಕರು. ಕೋಲ್ಕತ್ತದ ಸಂತ ತೆರೇಸಾ ಅವರಿಗೆ ಆ ಮೆಲುದನಿಯೂ ಹೆಚ್ಚುಕಡಿಮೆ 50 ವರ್ಷ ಕೇಳಿಸಲಿಲ್ಲ. ಅವರು ತೀರಿಕೊಂಡ ಹತ್ತು ವರ್ಷಗಳ ನಂತರ, 2007ರಲ್ಲಿ, ಅವರ ಪತ್ರಗಳು ಪ್ರಕಟವಾದಾಗ ಜಗತ್ತಿಗೆ ಇದು ತಿಳಿಯಿತು. ಒಳಗೆ ಅಷ್ಟು ಕತ್ತಲಿದ್ದ ಆ ವರ್ಷಗಳಲ್ಲೇ ಅವರು ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ತೊಳೆದು ಮಲಗಿಸಿದರು. ಹಸಿದವರಿಗೆ, ಬಾಯಾರಿದವರಿಗೆ ಮಾಡಿದ್ದು ತನಗೇ ಮಾಡಿದ್ದು ಎಂದು ಯೇಸುಸ್ವಾಮಿ ಹೇಳಿದ್ದನ್ನು ಮತ್ತಾಯನ 25ನೆಯ ಅಧ್ಯಾಯದಲ್ಲಿ ಓದುತ್ತೇವೆ. ತೆರೇಸಾ ಅದನ್ನು ಅಕ್ಷರಶಃ ನಂಬಿ ನಡೆದರು. ಭಾವ ಕೈಬಿಟ್ಟಾಗಲೂ ಅವರಿಗೆ ಗುರುತು ತಪ್ಪಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಗುರುತು ಹುಡುಕುವ ಆತುರದಲ್ಲಿ ಇಲ್ಲದ್ದನ್ನು ಕಂಡುಬಿಡುತ್ತೇವೆ. ಕಡೂರು ಬಸ್ ನಿಲ್ದಾಣದಲ್ಲಿ ಸೀಟು ಸಿಕ್ಕಿತು, ದೇವರು ಕೊಟ್ಟರು ಎನ್ನುವುದು ನಿರಪಾಯದ ಮಾತು. ಆದರೆ ನನ್ನ ತೋಟ ಉಳಿಯಿತು, ದೇವರು ನನ್ನ ಕಡೆ ಇದ್ದಾರೆ ಎಂದು ಸಾಕ್ಷಿ ಹೇಳುವಾಗ, ತೋಟ ಒಣಗಿದವನು ಹಿಂದಿನ ಬೆಂಚಿನಲ್ಲೇ ಕೂತಿರುತ್ತಾನೆ. ಮಳೆ ಒಳ್ಳೆಯವರ ಹೊಲಕ್ಕೂ ಕೆಟ್ಟವರ ಹೊಲಕ್ಕೂ ಬೀಳುತ್ತದೆಂದು ಪರ್ವತ ಪ್ರಸಂಗದಲ್ಲೇ ಇದೆ. ನಿಮ್ಮ ಕಣದ ಮೇಲೆ ಬಂದ ಮಳೆ ಶಿಕ್ಷೆಯಲ್ಲ. ಬೆಲೆ ಬಿದ್ದದ್ದೂ ದೇವರ ಇಚ್ಛೆ ಎಂದು ನಾನು ಹೇಳುವುದಿಲ್ಲ. ಬೆಳೆ ಕೆಡದಂತೆ ಇಡಲು ಜಾಗವಿಲ್ಲದಿರುವುದು, ಎಲ್ಲರ ಫಸಲೂ ಒಟ್ಟಿಗೆ ಮಂಡಿಗೆ ಬಂದು ಬೀಳುವುದು, ನಡುವೆ ಕೈ ಬದಲಾಗುತ್ತ ಹೋಗುವುದು, ಇವು ಮನುಷ್ಯರು ಮಾಡಿಕೊಂಡದ್ದು, ಮನುಷ್ಯರೇ ಸರಿಪಡಿಸಬೇಕಾದದ್ದು. ಅದಕ್ಕಾಗಿ ದನಿ ಎತ್ತುವುದೂ ವಿಶ್ವಾಸದ ಕೆಲಸ. ಒಂದು ಗುರುತು ನಿಜವೇ ಎಂದು ಪರೀಕ್ಷಿಸಲು ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯಕ್ಕೆ ಹೋಗಿ. ಪವಿತ್ರಾತ್ಮರ ಒಂಬತ್ತು ಫಲಗಳು ಅಲ್ಲಿವೆ; ಪ್ರೀತಿ, ಆನಂದ, ಶಾಂತಿ, ತಾಳ್ಮೆ, ದಯೆ ಎಂದು ಪಟ್ಟಿ ಸಾಗುತ್ತದೆ. ನಾನು ಕಂಡೆನೆಂಬ ಗುರುತು ನನ್ನನ್ನು ಹೆಚ್ಚು ತಾಳ್ಮೆಯವನನ್ನಾಗಿ, ದಯೆಯವನನ್ನಾಗಿ ಮಾಡಿತೇ? ಮಾಡಿದ್ದರೆ ನಂಬಬಹುದು. ಹೆಮ್ಮೆಯನ್ನೇ ಬೆಳೆಸಿದ್ದರೆ ಮತ್ತೊಮ್ಮೆ ಯೋಚಿಸಬೇಕು.

ಈಗ ನಿಮ್ಮ ಕಾಗದಕ್ಕೆ ಬರುತ್ತೇನೆ. ಅದನ್ನು ಮೂರು ಸಲ ಓದಿದೆ. ದೇವರ ಸುಳಿವೇ ಕಾಣಲಿಲ್ಲ ಎಂದು ಬರೆಯುವ ಎರಡು ವಾಕ್ಯ ಮೊದಲು, ಪಕ್ಕದ ಹೊಲದವರು ಟಾರ್ಪಾಲು ತಂದು ಹೊದಿಸಿದರು ಎಂದು ನೀವೇ ಬರೆದಿದ್ದೀರಿ. ಆ ರಾತ್ರಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಗುಡುಗಿನ ಸದ್ದಿಗೆ ಅವರಿಗೂ ಎಚ್ಚರವಾಗಿದೆ. ಅವರಿಗೂ ಮನೆ, ದನ, ತಮ್ಮದೇ ಬೆಳೆ ಇದೆ. ನಿಮ್ಮ ಕಣ ನೆನಪಾಗಿ, ಟಾರ್ಪಾಲು ಹುಡುಕಿ, ಕತ್ತಲಲ್ಲಿ ಕೆಸರು ತುಳಿದು ಬಂದಿದ್ದಾರೆ. ಒಂದು ತುದಿ ಅವರು, ಒಂದು ತುದಿ ನೀವು ಹಿಡಿದು, ಗಾಳಿಗೆ ಹಾರದಂತೆ ಕಲ್ಲು ಹೇರಿದ್ದೀರಿ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರಿಯದವನ ಕಥೆ ನೀವು ಎಷ್ಟು ಸಲ ಕೇಳಿದ್ದೀರಿ! ಅವನೂ ಕೇಳುಗರ ಧರ್ಮದವನಾಗಿರಲಿಲ್ಲ. ಆ ಕಥೆ ಹೇಳಿದವರ ಕೈಯ ರೀತಿ ನಿಮಗೆ ಗೊತ್ತು. ಆ ರಾತ್ರಿ ನಿಮ್ಮ ಕಣದಲ್ಲಿ ಟಾರ್ಪಾಲಿನ ಇನ್ನೊಂದು ತುದಿ ಹಿಡಿದಿದ್ದ ಕೈಯೂ ಅದೇ ರೀತಿಯದು.

ಇದರಿಂದ ಹೋದ ಅರ್ಧ ಬೆಳೆ ಮರಳಿ ಬರುವುದಿಲ್ಲ. ನಷ್ಟ ನಷ್ಟವೇ, ಸಾಲ ಸಾಲವೇ. ಆದರೆ ನೀವು ಕೇಳಿದ್ದು ಸುಳಿವು. ಅದು ಬಂದಿತ್ತು, ಮಳೆಯಲ್ಲಿ ತೊಯ್ದು ಬಂದಿತ್ತು. ನಿಮ್ಮ ನೆರೆಯವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಆ ಟಾರ್ಪಾಲು ಇನ್ನೂ ನಿಮ್ಮ ಮನೆಯಲ್ಲೇ ಇದ್ದರೆ, ಕೆಸರು ತೊಳೆದು, ಒಣಗಿಸಿ, ಮಡಿಸಿ ತೆಗೆದುಕೊಂಡು ಹೋಗಿ. ಕೊಟ್ಟ ಕೂಡಲೇ ಹಿಂತಿರುಗಬೇಡಿ. ಅವರ ಜಗಲಿಯ ಮೇಲೆ ಕೂತು, ಕಾಫಿ ಕೊಟ್ಟರೆ ಕುಡಿದು, ಈ ವರ್ಷ ಅವರ ಬೆಳೆ ಏನಾಯಿತು ಎಂದು ಕೇಳಿ.